ಬೇರೆಯವರಿಗೆ ಕೊಟ್ಟ ಹಾಡನ್ನು ಬರೆದವರೇ ಹಾಡಿದರೆ ಯಾವುದು ಅಸಲಿ?

ಮೈಸೂರಿನ ಓದುಗರೊಬ್ಬರ ಪ್ರಶ್ನೆ: "ನಾಲ್ಕು ವರ್ಷದಿಂದ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಜೊತೆಗೆ ಅಲ್ಲಿನ ಗಾಯಕಿ, ತಾವೇ ಹಾಡು ಬರೆಯುವ ಶೀನಾ ರಿಂಗೊ ಹಾಡುಗಳ ಹುಚ್ಚೂ ಹತ್ತಿದೆ. ದುಡ್ಡು ಕೂಡಿಟ್ಟು ಅವರ 'ಗ್ಯಾಕುಯುನ್ಯೂ: ಕೋವಾನ್‌ಕ್ಯೊಕು' ಸಿ.ಡಿ. ತರಿಸಿಕೊಂಡೆ. ಅದರಲ್ಲಿರುವುದೆಲ್ಲ ಬೇರೆಯವರಿಗೆ ಮೊದಲೇ ಬರೆದುಕೊಟ್ಟ ಹಾಡುಗಳು ಅಂತ ಆಮೇಲೆ ಗೊತ್ತಾಯಿತು. 'ಹೊಸದೇನೂ ಹೊಳೆಯದೆ ತಂಗಳನ್ನು ಬಿಸಿ ಮಾಡಿ ಬಡಿಸಿದ್ದಾರೆ' ಅಂತ ಗೆಳೆಯ ನಗುತ್ತಾನೆ. 'ಬರೆದವರು ಹಾಡಿದ್ದೇ ಅಸಲಿ, ಮೊದಲು ಹಾಡಿದವರದ್ದು ಲೆಕ್ಕಕ್ಕಿಲ್ಲ' ಅಂತ ಗೆಳತಿ ವಾದಿಸುತ್ತಾಳೆ. ನನಗೋ ಕುರಿಯಾಮಾ ಚಿಯಾಕಿ ಹಾಡಿದ 'ಸೇಶುನ್ ನೊ ಮತತಾಕಿ' ಬಹಳ ಇಷ್ಟ. ಅದು ಲೆಕ್ಕಕ್ಕಿಲ್ಲ ಅಂದರೆ ಬೇಜಾರು. ಇನ್ನೊಂದು ವಿಷಯ. ನಾನೂ ಹಾಡು ಬರೆಯುತ್ತೇನೆ. ಎರಡು ವರ್ಷದ ಹಿಂದೆ ಒಂದನ್ನು ಗಾಯಕಿಯೊಬ್ಬರಿಗೆ ಕೊಟ್ಟೆ, ರೆಕಾರ್ಡ್ ಆಗಿ ಬಂತು. ಈಗ ಅದನ್ನು ನಾನೇ ಹಾಡಬೇಕು ಅನ್ನಿಸುತ್ತಿದೆ. ಹಾಡಬಹುದಾ? ಅವರಿಗೆ ಮೋಸ ಮಾಡಿದಂತೆ ಆಗುತ್ತದಾ?"

ಉತ್ತರ:

ನಿಮ್ಮ ಪತ್ರ ಓದಿದಾಗ ಪ್ರಶ್ನೆ ಒಂದೇ ಅನ್ನಿಸಿತು. ಸಿ.ಡಿ. ಬಗ್ಗೆ ಕೇಳುತ್ತಿದ್ದೀರಿ ನಿಜ, ಆದರೆ ಒಳಗೆ ಕೊರೆಯುತ್ತಿರುವುದು ನಿಮ್ಮದೇ ಹಾಡು, ಅಲ್ವಾ? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಮೊದಲು ರಿಂಗೊ ಅವರದ್ದು ನೋಡೋಣ.

ಹಾಡನ್ನು ಬೇರೆಯವರಿಗೆ ಬರೆದುಕೊಟ್ಟು, ಆಮೇಲೆ ತಾವೇ ಹಾಡಿ ಆಲ್ಬಮ್ ಮಾಡುವುದಕ್ಕೆ ಜಪಾನಿನಲ್ಲಿ 'ಸೆಲ್ಫ್ ಕವರ್' ಅನ್ನುತ್ತಾರೆ. ಇಂಗ್ಲಿಷ್ ಪದಗಳನ್ನು ಜೋಡಿಸಿ ಅಲ್ಲೇ ಮಾಡಿಕೊಂಡ ಮಾತು ಅದು. ಅಲ್ಲಿ ಇದು ಅಪರೂಪವೇನಲ್ಲ. ತಾವೇ ಬರೆದು ಹಾಡುವವರಲ್ಲಿ ನಕಾಜಿಮಾ ಮಿಯುಕಿ 1979ರಲ್ಲಿ ಮಾಡಿದರು, ಇನೊಉಎ ಯೋಸುಯಿ 1984ರಲ್ಲಿ, ಟಾಕೆಉಚಿ ಮಾರಿಯಾ 1987ರಲ್ಲಿ. ಯೊನೆಜು ಕೆನ್ಶಿಯ 2020ರ ಆಲ್ಬಮ್‌ನಲ್ಲೂ ಮಕ್ಕಳ ತಂಡಕ್ಕೆ ಕೊಟ್ಟಿದ್ದ 'ಪಾಪುರಿಕಾ' ಅವರದೇ ದನಿಯಲ್ಲಿ ಇದೆ.

ಗೆಳೆಯನ 'ತಂಗಳು' ಮಾತು ತೆಗೆದುಕೊಳ್ಳಿ. ಇನೊಉಎ ಯೋಸುಯಿ ಬರೆದ 'ಕಜಾರಿ ಜಾನೈ ನೊ ಯೊ ನಮಿದಾ ವಾ' ಅನ್ನುವ ಹಾಡನ್ನು ಗಾಯಕಿ ನಕಾಮೊರಿ ಅಕಿನಾ ಹಾಡಿದ ಸಿಂಗಲ್ 1984ರ ನವೆಂಬರ್‌ನಲ್ಲಿ ಬಂತು. ಅದೇ ಹಾಡು ಯೋಸುಯಿ ದನಿಯಲ್ಲಿ '9.5 ಕ್ಯಾರಟ್' ಆಲ್ಬಮ್‌ನಲ್ಲಿ ಬಂದದ್ದು ಡಿಸೆಂಬರ್‌ನಲ್ಲಿ. ಮಧ್ಯೆ ಒಂದು ತಿಂಗಳು ಚಿಲ್ಲರೆ. ಅಕಿನಾ ಸಿಂಗಲ್ ಇನ್ನೂ ಬಿಸಿಬಿಸಿಯಾಗಿ ಓಡುತ್ತಿರುವಾಗಲೇ ಬರೆದವರದ್ದೂ ಅಂಗಡಿಗೆ ಬಂತು. ಮರುವರ್ಷ, ಅಂದರೆ 1985ರಲ್ಲಿ, ಜಪಾನಿನಲ್ಲಿ ಮಾರಾಟದ ಲೆಕ್ಕ ಇಡುವ ಒರಿಕಾನ್‌ನ ವಾರ್ಷಿಕ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನ ಯೋಸುಯಿ ಆಲ್ಬಮ್‌ಗೇ. ಇದನ್ನು ತಂಗಳು ಅನ್ನೋಕಾಗಲ್ಲ.

ರಿಂಗೊ ಅವರದ್ದು ಬೇರೆ ತರಹ. ನಿಮ್ಮ ಸಿ.ಡಿ. ಬಂದದ್ದು 2014ರ ಮೇ 27ಕ್ಕೆ. ಅವರ ಮೊದಲ ಸಿಂಗಲ್ ಬಂದಿದ್ದೂ ಮೇ 27ಕ್ಕೇ, 1998ರಲ್ಲಿ. ನಿಮ್ಮ ಸಿ.ಡಿ.ಯಲ್ಲಿರುವ 'ಕಾಪುಚೀನೊ' ಅನ್ನು ತೊಮೊಸಾಕಾ ರಿಯೆಗೆ ಕೊಟ್ಟಿದ್ದು 1999ರಲ್ಲಿ. ಆಗ ರಿಂಗೊಗೆ 20 ವರ್ಷ. ತಾವೇ ಹಾಡಿದಾಗ 35. ಇಪ್ಪತ್ತರ ಹುಡುಗಿ ಬರೆದ ಮಾತನ್ನು ಮೂವತ್ತೈದರ ಹೆಂಗಸು ಬಾಯಿಗೆ ತೆಗೆದುಕೊಂಡರೆ ಅಕ್ಷರ ಅದೇ ಇದ್ದರೂ ಮಾತು ಅದೇ ಇರುವುದಿಲ್ಲ. ಅಲ್ಲದೆ 11 ಹಾಡಿಗೆ ಹಾಡಿಗೊಬ್ಬರಂತೆ ಬೇರೆ ಬೇರೆ ಅರೇಂಜರ್‌ಗಳನ್ನು, ಅಂದರೆ ಹಾಡಿಗೆ ವಾದ್ಯ ಹೊಂದಿಸುವವರನ್ನು, ಹಿಡಿದಿದ್ದಾರೆ. ಸೋಮಾರಿತನಕ್ಕೆ ಇಷ್ಟು ಖರ್ಚು ಯಾರೂ ಮಾಡಲ್ಲ.

ಇದೆಲ್ಲ ದುಡ್ಡಿಗಾಗಿ ಅನ್ನುವವರೂ ಇರುತ್ತಾರೆ. ಆ ಮಾತು ಪೂರ್ತಿ ಸುಳ್ಳೇನಲ್ಲ. ಜಪಾನಿನಲ್ಲಿ ಹೆಚ್ಚಿನ ಹಾಡುಗಳ ಹಕ್ಕಿನ ಹಣ ವಸೂಲು ಮಾಡುವುದು ಜಸ್ರಾಕ್ ಎಂಬ ಸಂಸ್ಥೆ. 1939ರಿಂದ ಇದೆ. ಸಿ.ಡಿ. ಆದರೆ ಸುಮಾರಾಗಿ ಬೆಲೆಯ ಶೇ. 6 ಹಾಡು ಬರೆದವರ ಪಾಲಿಗೆ. 3,000 ಯೆನ್ನಿನ ಸಿ.ಡಿ.ಯಲ್ಲಿ 180 ಯೆನ್. ಅದನ್ನು 11 ಹಾಡಿಗೆ ಹಂಚಿದರೆ ಹಾಡಿಗೆ 16 ಯೆನ್, ಅದರಲ್ಲೂ ಹಾಡಿನ ಹಕ್ಕು ನೋಡಿಕೊಳ್ಳುವ ಪಬ್ಲಿಷರ್ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ಹಾಡಿದವರಿಗೆ ಬೇರೆಯಾಗಿ ಶೇ. 1ರಿಂದ 3 ಸಾಮಾನ್ಯ. ಅಂದರೆ ತಾನೇ ಬರೆದು ತಾನೇ ಹಾಡಿದರೆ ಎರಡೂ ಕಡೆಯಿಂದ ಬರುತ್ತದೆ. ಆದರೆ ಬೇರೆಯವರು ಹಾಡಿ ಗೆದ್ದ ಹಾಡಿನಿಂದ ಬರೆದವರಿಗೆ ಹೇಗೂ ಬರುತ್ತಲೇ ಇರುತ್ತದೆ. ಬರೀ ದುಡ್ಡು ಬೇಕಿದ್ದರೆ ಸುಮ್ನೆ ಮನೆಯಲ್ಲಿ ಕೂತಿರಬಹುದಿತ್ತು.

ಗೆಳತಿಯ ಮಾತಿಗೆ ಜಾಸ್ತಿ ಹೊತ್ತು ಕೊಡಬೇಕು. ಅದು ನೋಡೋಕೆ ನ್ಯಾಯವಾಗಿ ಕಾಣುತ್ತದೆ, ಮೋಸ ಇರುವುದೂ ಅಲ್ಲೇ.

ಜಪಾನಿನ ಸ್ಟುಡಿಯೊಗಳಲ್ಲಿ 'ಕರಿ-ಉತಾ' ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ತಾತ್ಕಾಲಿಕ ಹಾಡು ಅಂತ ಅರ್ಥ. ನಮ್ಮ ಗಾಂಧಿನಗರದ ಭಾಷೆಯಲ್ಲಿ 'ಟ್ರ್ಯಾಕ್ ಹಾಡೋದು'. ಮುಖ್ಯ ಗಾಯಕರು ಬರುವ ಮೊದಲು ದಾರಿ ತೋರಿಸೋಕೆ ಯಾರೋ ಹಾಡಿಡುತ್ತಾರೆ, ಎಷ್ಟೋ ಸಲ ಬರೆದವರೇ. ಆದ್ದರಿಂದ ಹಾಡು ಮೊದಲು ಹುಟ್ಟಿದ್ದು ಬರೆದವರ ಗಂಟಲಲ್ಲೇ ತಾನೆ, ಅದೇ ಅಸಲಿ ಅಂತ ಅನ್ನಿಸುವುದು ಸಹಜ.

ನಾನು ಅರೇಂಜರ್ ಆಗಿ ಕೆಲಸ ಮಾಡಿದವನು. ಟ್ರ್ಯಾಕ್ ಹಾಡನ್ನು ಎಷ್ಟೋ ಸಾರಿ ಅಳಿಸಿದ್ದೇನೆ. ಟ್ರ್ಯಾಕ್ ಹಾಡುವವರ ತಲೆಯಲ್ಲಿ ತಮ್ಮ ದನಿ ಇರುವುದೇ ಇಲ್ಲ, ಹಾಡಬೇಕಾದವರ ದನಿ ಇರುತ್ತದೆ. ಬರೆಯುವಾಗಲೂ ಅಷ್ಟೇ. 'ಅವರಿಗೆ ಮೇಲಿನ ಸ್ವರ ಚೆನ್ನ, ಅಲ್ಲಿ ಒಂದು ಉದ್ದ ಎಳೆತ ಇಡೋಣ', 'ಅವರಿಗೆ ಉಸಿರು ಕಡಿಮೆ, ಸಾಲು ಚಿಕ್ಕದಾಗಲಿ'. ಟೈಲರ್ ಮೈ ಅಳತೆ ತೆಗೆದು ಹೊಲಿಯುತ್ತಾನಲ್ಲ, ಹಾಗೆ. ಹೊಲಿದವನು ಟೈಲರ್ ನಿಜ. ಆದರೆ ಆ ಅಂಗಿ ಟೈಲರ್ ಅಳತೆಯದಲ್ಲ.

ನನಗೇ ಆಗಿದ್ದು ಹೇಳುತ್ತೇನೆ. ಒಬ್ಬ ಗಾಯಕಿಗೆ ಒಂದು ರಾಗ ಕೂರಿಸಿದ್ದೆ. ಪಲ್ಲವಿಯ ಕೊನೆಗೆ ಅವರ ದನಿ ಒಡೆಯುವ ಹಂತಕ್ಕೆ ಹೋಗಿ, ಒಡೆಯದೆ ನಿಲ್ಲುತ್ತಿತ್ತು. ಆ ಹಾಡಿನ ಜೀವ ಇದ್ದದ್ದೇ ಅಲ್ಲಿ. ವರ್ಷಗಳ ಮೇಲೆ ಒಂದು ಸಣ್ಣ ಕಾರ್ಯಕ್ರಮದಲ್ಲಿ ನಾನೇ ಹಾಡೋಕೆ ಹೋದೆ. ನನ್ನ ಗಂಟಲಿಗೆ ಹಾರ್ಮೋನಿಯಂ ಮೇಲೆ ಐದು ಮನೆ, ಅಂದರೆ ಐದು ಕೀಲಿ, ಶ್ರುತಿ ಇಳಿಸಬೇಕಾಯಿತು. ಇಳಿಸಿದ ಮೇಲೆ ಪಲ್ಲವಿಯ ಕೊನೆ ಆರಾಮಾಗಿ ಬಂತು. ಆರಾಮಾಗಿ ಬಂದಿದ್ದೇ ತಪ್ಪಾಯಿತು. ಕೇಳಿದವರು ಚಪ್ಪಾಳೆ ಹೊಡೆದರು ಅನ್ನಿ, ಮನೆಯವಳು ಮಾತ್ರ 'ಯಾಕೋ ಸಪ್ಪೆ' ಅಂದಳು. ಸರಿಯಾಗಿಯೇ ಹೇಳಿದಳು.

ಅದಕ್ಕೇ ಸೆಲ್ಫ್ ಕವರ್ ಅಂದರೆ ಬಟ್ಟೆ ಬಿಚ್ಚಿ ಮತ್ತೆ ಹೊಲಿಯುವ ಕೆಲಸ. ಶ್ರುತಿ ಬದಲಾದರೆ ವಾದ್ಯಗಳು ಬದಲಾಗಬೇಕು. ಗಿಟಾರಿನಲ್ಲಿ ಗುಂಯ್ ಅನ್ನುತ್ತಿದ್ದ ತಂತಿ ಹೊಸ ಶ್ರುತಿಗೆ ಸಿಗದೇ ಹೋಗಬಹುದು. ವೇಗ ಬದಲಾಗಬೇಕು. ಕೆಲವೊಮ್ಮೆ ಹಾಡಿನೊಳಗಿನ 'ನಾನು' ಕೂಡ ಬದಲಾಗುತ್ತಾನೆ, ಅಥವಾ ಬದಲಾಗುತ್ತಾಳೆ.

ಈ 'ನಾನು' ವಿಷಯ ಭಾಷೆ ಕಲಿಯುತ್ತಿರುವ ನಿಮಗೆ ಬೇಗ ಹೊಳೆಯುತ್ತದೆ. ಕನ್ನಡದಲ್ಲಿ 'ನಾನು' ಅಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. 'ಅವನು ಬಂದ', 'ಅವಳು ಬಂದಳು' ಅನ್ನುವಾಗ ತಿಳಿಯುತ್ತದೆ. ಜಪಾನಿಯಲ್ಲಿ ಕ್ರಿಯಾಪದಕ್ಕೆ ಲಿಂಗ ಇಲ್ಲ, ಆದರೆ 'ನಾನು' ಅನ್ನೋಕೆ 'ವತಾಶಿ', 'ಅತಾಶಿ', 'ಬೊಕು', 'ಒರೆ' ಅಂತ ಹಲವು ಮಾತುಗಳಿವೆ, ಮಾತಿನ ಕೊನೆಯ ಬಾಲದಲ್ಲೂ ಹೆಣ್ಣುಮಕ್ಕಳ ಧಾಟಿ, ಗಂಡಸರ ಧಾಟಿ ಅಂತ ಇದೆ. ಮೇಲೆ ಹೇಳಿದ ಯೋಸುಯಿ ಹಾಡಿನ ಹೆಸರಿನಲ್ಲೇ 'ನೊ ಯೊ' ಇದೆ. ಅದು ಹೆಣ್ಣು ಧಾಟಿ. 'ಕಣ್ಣೀರು ಅಂದರೆ ಒಡವೆ ಅಲ್ಲ ಕಣೇ' ಅಂತೀವಲ್ಲ, ಹತ್ತಿರ ಹತ್ತಿರ ಹಾಗೆ. 19 ವರ್ಷದ ಅಕಿನಾ ಅದನ್ನು ಹಾಡಿದಾಗ ಎದುರಿಗೆ ನಿಂತು ಜಗಳ ಆಡಿದ ಹಾಗಿರುತ್ತದೆ. ಕಪ್ಪು ಕನ್ನಡಕದ, ಮೂವತ್ತು ದಾಟಿದ ಯೋಸುಯಿ ಅದೇ 'ನೊ ಯೊ' ಬಿಡದೆ ಹಾಡಿದಾಗ ಆ ಹುಡುಗಿಯ ಕತೆಯನ್ನು ಯಾರೋ ದೂರದಲ್ಲಿ ಕೂತು ಹೇಳಿದ ಹಾಗೆ ಆಗುತ್ತದೆ. ನಿಮ್ಮ ಸಿ.ಡಿ.ಯಲ್ಲೂ ಇದರ ತಿರುವು ಇದೆ. 'ಅಮಗಾಸಾ' ಮತ್ತು 'ಕಚೂ ನೊ ಒತೊಕೊ' ಗಂಡಸರ ಬ್ಯಾಂಡ್ ಟೋಕಿಯೊಗೆ ಬರೆದವು. ಎರಡನೆಯದರ ಹೆಸರಲ್ಲೇ 'ಒತೊಕೊ', ಗಂಡಸು ಇದ್ದಾನೆ. ಗಂಡಸಿಗೆ ಅಂತ ಹೆಂಗಸು ಬರೆದದ್ದನ್ನು ಅವಳೇ ತಿರುಗಿ ಹಾಡುವುದು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದರ ರುಚಿ ಬೇಗ ಹತ್ತುತ್ತದೆ.

ಇನ್ನು ಟಾಕೆಉಚಿ ಮಾರಿಯಾ ಅವರ 'ರಿಕ್ವೆಸ್ಟ್'. ನಿಮ್ಮ ಗೆಳತಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮದುವೆಯಾದ ಮೇಲೆ ವೇದಿಕೆಯಿಂದ ಹಿಂದೆ ಸರಿದು, ಬೇರೆಯವರಿಗೆ ಹಾಡು ಬರೆದುಕೊಡುತ್ತಿದ್ದ ಕಾಲವೂ ಅವರಿಗಿತ್ತು. ಕಾವಾಯಿ ನಾವೊಕೊಗೆ 1982ರಲ್ಲಿ 'ಕೆಂಕಾ ಒ ಯಮೆತೆ', ನಕಾಯಾಮಾ ಮಿಹೊಗೆ 1986ರಲ್ಲಿ ಒಂದು, ಅಕಿನಾಗೆ ಎರಡು. ಇವೆಲ್ಲ 1987ರ ಆಗಸ್ಟ್‌ನಲ್ಲಿ 'ರಿಕ್ವೆಸ್ಟ್'ನಲ್ಲಿ ಅವರದೇ ದನಿಯಲ್ಲಿ ಬಂದವು. ಅರೇಂಜ್ ಮಾಡಿದ್ದು ಗಂಡ ಯಾಮಾಶಿತಾ ತತ್ಸುರೊ.

ಅಕಿನಾಗೆ ಕೊಟ್ಟ ಎರಡರಲ್ಲಿ ಒಂದು 'ಎಕಿ'. ಎಕಿ ಅಂದರೆ ರೈಲ್ವೆ ಸ್ಟೇಷನ್. ಸಂಜೆ ಹೊತ್ತು ಸ್ಟೇಷನ್ನಿನಲ್ಲಿ ಒಬ್ಬಳಿಗೆ ತನ್ನ ಹಳೆಯ ಪ್ರೇಮಿ ಕಾಣುತ್ತಾನೆ, ನೋಡಿದ್ದ ಅದೇ ರೇನ್‌ಕೋಟ್. ಅವನಿಗೆ ಗೊತ್ತಾಗದ ಹಾಗೆ ಪಕ್ಕದ ಬೋಗಿಯಲ್ಲಿ ನಿಂತು ನೋಡುತ್ತಾಳೆ, ಮಾತಾಡಿಸುವುದಿಲ್ಲ. ಅಷ್ಟೇ ಕತೆ. 1986ರ ಡಿಸೆಂಬರ್‌ನ 'ಕ್ರಿಮ್ಸನ್' ಆಲ್ಬಮ್‌ನಲ್ಲಿ ಅಕಿನಾ ಇದನ್ನು ಪಿಸುಮಾತಿನಲ್ಲಿ ಹಾಡಿದ್ದಾರೆ, ಕೆಲವು ಕಡೆ ದನಿಯೇ ಹೊರಬರುವುದಿಲ್ಲ. ಮಾರಿಯಾ ನೇರವಾಗಿ, ತುಂಬಿದ ದನಿಯಲ್ಲಿ ಹಾಡುತ್ತಾರೆ. ಮೊದಲಿನ ರೂಪವನ್ನು ಹಾಡಿನ ಅರ್ಥಕ್ಕೆ ಸರಿ ಹೊಂದದ್ದು ಅಂತ ಯಾಮಾಶಿತಾ 1994ರ ಒಂದು ಸಂಗ್ರಹದ ಟಿಪ್ಪಣಿಯಲ್ಲಿ ಬರೆದರು, ಮಾತು ಸ್ವಲ್ಪ ಖಾರವಾಗಿಯೇ ಇತ್ತು. ಅಕಿನಾ ಅಭಿಮಾನಿಗಳು ಅದನ್ನು ಇವತ್ತಿಗೂ ಮರೆತಿಲ್ಲ.

ಕೇಳುಗರ ಜಗಳ ಒಂದು ಸಾಲಿನ ಸುತ್ತ ಸುತ್ತುತ್ತದೆ. ಅಲ್ಲಿ 'ನಾನು', 'ಮಾತ್ರ', 'ಪ್ರೀತಿಸಿದ್ದು' ಅನ್ನುವ ಪದಗಳಿವೆ, ನಡುವೆ ಪ್ರತ್ಯಯ ಇಲ್ಲ. ಜಪಾನಿಯಲ್ಲಿ ಹಾಗೆ ಬಿಡಬಹುದು. 'ಅವನು ನನ್ನನ್ನು ಮಾತ್ರ ಪ್ರೀತಿಸಿದ್ದು' ಅಂತಲೂ ಆಗುತ್ತದೆ, 'ಪ್ರೀತಿಸಿದ್ದು ನಾನು ಮಾತ್ರ, ಅವನಲ್ಲ' ಅಂತಲೂ ಆಗುತ್ತದೆ. ಮೊದಲನೆಯದಾದರೆ ಅವಳಿಗೆ ಎಲ್ಲ ಈಗ ಅರ್ಥವಾಗಿ ಸಮಾಧಾನ. ಎರಡನೆಯದಾದರೆ ಗಾಯ ಇನ್ನೂ ಹಸಿ. ಮಾರಿಯಾ ದನಿಯಲ್ಲಿ ಮೊದಲನೆಯ ಅರ್ಥ ಸಲೀಸಾಗಿ ಕೇಳುತ್ತದೆ. ಅಕಿನಾ ಪಿಸುದನಿಯಲ್ಲಿ ನನಗೆ ಎರಡನೆಯದೇ ಕೇಳುತ್ತದೆ.

ಈಗ ಹೇಳಿ, ಬರೆದವರ ಮನಸ್ಸಿನಲ್ಲಿ ಇದ್ದದ್ದು ಮೊದಲನೆಯದೇ ಅಂತ ಇಟ್ಟುಕೊಂಡರೂ, ಎರಡನೆಯದು ಸುಳ್ಳಾ? ಆ ಸಾಲೇ ಅದಕ್ಕೂ ಜಾಗ ಕೊಟ್ಟಿದೆ. ನನ್ನ ಮಟ್ಟಿಗೆ ಮಾರಿಯಾ ಹಾಡಿದ್ದು ಹೆಚ್ಚು ಸೊಗಸು, ಅಕಿನಾ ಹಾಡಿದ್ದು ಹೆಚ್ಚು ಭಯ ಹುಟ್ಟಿಸುತ್ತದೆ. ರಾತ್ರಿ ಹೊತ್ತು ಅದನ್ನು ಹಾಕಲ್ಲ.

ಆದ್ದರಿಂದ ಕುರಿಯಾಮಾ ಚಿಯಾಕಿ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 'ಕಿಲ್ ಬಿಲ್' ಸಿನಿಮಾದಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡು ಸರಪಳಿ ಗುಂಡು ತಿರುಗಿಸುವ ಹುಡುಗಿ, ಅವರೇ. ವೃತ್ತಿಯಿಂದ ನಟಿ. ನಟಿಗೆ ಬರೆದ ಹಾಡಿಗೆ ಒಂದು ಗುಣ ಇರುತ್ತದೆ: ದನಿಯ ಕಸರತ್ತಿಗಿಂತ ಮಾತಿನ ಧಾಟಿಗೆ ಜಾಗ ಜಾಸ್ತಿ. ರಿಂಗೊ ಇದನ್ನು ಚೆನ್ನಾಗಿ ಬಲ್ಲವರು. ಅದೇ ಸಿ.ಡಿ.ಯ 'ಸಾಯ್‌ಸಾಕಿ-ಜಾಕಾ' ಹಾಡನ್ನು ನಟಿ ಮಾಕಿ ಯೋಕೊಗೆ ಕೊಟ್ಟಿದ್ದರು, 2013ರಲ್ಲಿ ಆಕೆಯೇ ನಟಿಸಿದ ಸಿನಿಮಾದ ಕೊನೆಗೆ ಬರುತ್ತದೆ. ಇಂಥ ಹಾಡನ್ನು ರಿಂಗೊ ಹಾಡಿದಾಗ ಹಾಡುಗಾರಿಕೆ ಹೆಚ್ಚುತ್ತದೆ, ಆ ಪಾತ್ರ ಸ್ವಲ್ಪ ಹಿಂದೆ ಸರಿಯುತ್ತದೆ. ನಿಮಗೆ ಪಾತ್ರ ಇಷ್ಟವಾಗಿದ್ದರೆ ಕುರಿಯಾಮಾ ಕೇಳಿ. ತಪ್ಪೇನಿದೆ?

ಆಲ್ಬಮ್ ಹೆಸರು ನೋಡಿದಿರಾ? 'ಗ್ಯಾಕುಯುನ್ಯೂ' ಅಂದರೆ ಮರು ಆಮದು. ಜಪಾನಿನಲ್ಲಿ ತಯಾರಾಗಿ ಹೊರದೇಶಕ್ಕೆ ಹೋದ ಕಾರು, ಬೈಕು ತಿರುಗಿ ಜಪಾನಿಗೇ ಬಂದರೆ ಬಳಸುವ ವ್ಯಾಪಾರದ ಮಾತು. ಬೈಕಿನವರಿಗೆ ಚೆನ್ನಾಗಿ ಗೊತ್ತು, ಹೊರಗೆ ಹೋಗಿ ಬಂದ ಗಾಡಿ ಒಳಗಿನ ಗಾಡಿಯ ಹಾಗೇ ಇರುವುದಿಲ್ಲ. 'ಕೋವಾನ್‌ಕ್ಯೊಕು' ಬಂದರು ಇಲಾಖೆ. 2017ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಕಂತಿನ ಹೆಸರು 'ಕೋಕೂಕ್ಯೊಕು', ವಿಮಾನಯಾನ ಇಲಾಖೆ. ಇಲಾಖೆ ಅನ್ನುವ 'ಕ್ಯೊಕು', ಹಾಡು ಅನ್ನುವ 'ಕ್ಯೊಕು' ಉಚ್ಚಾರದಲ್ಲಿ ಒಂದೇ, ಬರೆಯುವ ಅಕ್ಷರ ಬೇರೆ. ಅಂದರೆ ಹಡಗಿನಲ್ಲಿ ವಾಪಸ್ ಬಂದ ಹಾಡು, ವಿಮಾನದಲ್ಲಿ ವಾಪಸ್ ಬಂದ ಹಾಡು, ಎರಡಕ್ಕೂ ಕಸ್ಟಮ್ಸ್ ಸೀಲು. ಎರಡನೆಯದರಲ್ಲಿ ಎಂಕಾ ಅನ್ನುವ ಹಳೆ ಧಾಟಿಯ ಜಪಾನಿ ಹಾಡು ಹಾಡುವ ಹಿರಿಯ ಗಾಯಕಿ ಇಶಿಕಾವಾ ಸಾಯುರಿಗೆ ಬರೆದವೂ ಇವೆ, ಸಿಕ್ಕರೆ ಬಿಡಬೇಡಿ.

ನಕಾಜಿಮಾ ಮಿಯುಕಿ ಅವರ 1979ರ ಆಲ್ಬಮ್ ಹೆಸರು ಇನ್ನೂ ಮೆತ್ತಗಿದೆ: 'ಒಕಾಎರಿನಾಸಾಯ್'. ಹೊರಗೆ ಹೋದವರು ಮನೆಗೆ ಬಂದಾಗ ಒಳಗಿದ್ದವರು ಹೇಳುವ ಮಾತು. ನಮ್ಮಲ್ಲಿ 'ಬಂದ್ಯಾ?' ಅಂತೀವಲ್ಲ, ಅದು. ಅದರಲ್ಲಿರುವ 'ರೂಜು' ಅನ್ನುವ ಹಾಡನ್ನು 1977ರಲ್ಲಿ ಚಿಯಾಕಿ ನಾವೊಮಿ ಹಾಡಿದ್ದರು. ಮನೆಗೆ ಬಂದ ಆ ಹಾಡು ಮನೆಯಲ್ಲಿ ಉಳಿಯಲಿಲ್ಲ. 1992ರಲ್ಲಿ ಹಾಂಗ್‌ಕಾಂಗಿನಲ್ಲಿ ಫೇ ವಾಂಗ್ ಅದನ್ನು ಕ್ಯಾಂಟೊನೀಸ್ ಮಾತು ಹಾಕಿ ಹಾಡಿದರು, ಅಲ್ಲಿ ಅವರ ಹೆಸರು ಎದ್ದದ್ದೇ ಆ ಹಾಡಿನಿಂದ. ಈಗ ಆ ಮೂವರಲ್ಲಿ ಅಸಲಿ ಯಾರು ಅಂತ ನಿಮ್ಮ ಗೆಳತಿಯನ್ನು ಕೇಳಿ.

ಸರಿ, ನಿಮ್ಮ ಹಾಡಿಗೆ ಬರುತ್ತೇನೆ.

ಮೊದಲು ಅಗ್ರಿಮೆಂಟ್ ಹುಡುಕಿ. ಹಾಡು, ರೆಕಾರ್ಡಿಂಗ್ ಎರಡೂ ಬೇರೆ ಬೇರೆ ಸ್ವತ್ತು. ಮಾತು ಮತ್ತು ರಾಗ ಒಂದು, ಗಾಯಕಿ ಹಾಡಿ ರೆಕಾರ್ಡ್ ಆದದ್ದು ಇನ್ನೊಂದು. ಜಪಾನಿನಲ್ಲೂ ಹೀಗೇ, ನಮ್ಮಲ್ಲೂ ಹೀಗೇ. ಮಾತು, ರಾಗ ಎರಡೂ ಇನ್ನೂ ನಿಮ್ಮ ಹೆಸರಲ್ಲೇ ಇದ್ದು, ಇಷ್ಟು ಕಾಲ ಬೇರೆ ಯಾರೂ ಹಾಡಬಾರದು ಅನ್ನುವ ಷರತ್ತಿಗೆ ನೀವು ಸಹಿ ಹಾಕಿಲ್ಲದಿದ್ದರೆ, ಹೊಸದಾಗಿ ರೆಕಾರ್ಡ್ ಮಾಡೋಕೆ ಅಡ್ಡಿ ಇಲ್ಲ. ಆದರೆ ಹಳೆಯ ರೆಕಾರ್ಡಿಂಗಿನ ಮ್ಯೂಸಿಕ್ ಟ್ರ್ಯಾಕ್ ತೆಗೆದು ಅದರ ಮೇಲೆ ಹಾಡುವ ಹಾಗಿಲ್ಲ. ಜನ ಎಡವುವುದು ಇಲ್ಲೇ. 'ನನ್ನ ಹಾಡು ತಾನೆ' ಅಂತ ಹಳೆ ಟ್ರ್ಯಾಕಿನ ಮೇಲೆ ಹಾಡಿ ಹಾಕುತ್ತಾರೆ, ವಾರದೊಳಗೆ ನೋಟಿಸ್ ಬರುತ್ತದೆ. ಇನ್ನು ರಾಗ ನಿಮ್ಮದಲ್ಲದಿದ್ದರೆ, ರಾಗ ಹಾಕಿದವರನ್ನೂ ಕೇಳಲೇಬೇಕು.

ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೆ ದಾರಿ ಕಿರಿದಾಗುತ್ತದೆ. ಕಂಪನಿಯ ಒಪ್ಪಿಗೆ ಕೇಳುವುದು ಒಂದು ದಾರಿ. ಸಣ್ಣ ಹಾಡಾದರೆ ಎಷ್ಟೋ ಸಲ ಕೊಡುತ್ತಾರೆ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇನ್ನೊಂದು, ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿರುವ ಕವರ್ ವರ್ಷನ್, ಅಂದರೆ ಆಗಲೇ ರೆಕಾರ್ಡ್ ಆದ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡುವ ದಾರಿ. ಅದಕ್ಕೆ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆಯಬೇಕು, ಮುಂಚೆಯೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ನಿಮ್ಮದಕ್ಕೆ ಇನ್ನೂ ಎರಡೇ ವರ್ಷ, ಹಾಗಾಗಿ ಈಗಿನ ಮಟ್ಟಿಗೆ ಅದು ಮುಚ್ಚಿದ ಬಾಗಿಲು. ಹಾಗಂತ ಎಲ್ಲ ಹೋಯಿತು ಅಂದುಕೊಳ್ಳಬೇಡಿ. 2012ರ ತಿದ್ದುಪಡಿ ಆದ ಮೇಲೆ, ಹಕ್ಕು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಬರೆದವರ ಪಾಲನ್ನು ಬಿಟ್ಟುಕೊಡಿಸಿಕೊಳ್ಳೋಕೆ ಕಂಪನಿಗೆ ಆಗುವುದಿಲ್ಲ. ಹಾಡು ಬರೆದವರ ರಾಯಲ್ಟಿ ವಸೂಲು ಮಾಡುವ ನಮ್ಮ ದೇಶದ ಸಂಸ್ಥೆ ಐ.ಪಿ.ಆರ್.ಎಸ್. ಸದಸ್ಯತ್ವ ಇಲ್ಲದಿದ್ದರೆ ಅದನ್ನೂ ಮಾಡಿಸಿ. ಅಗ್ರಿಮೆಂಟ್ ಭಾಷೆ ಗೋಜಲಾಗಿದ್ದರೆ ಒಬ್ಬ ವಕೀಲರಿಗೆ ತೋರಿಸಿ, ಒಂದು ಸಲದ ಫೀಸು ಅಷ್ಟೆ.

ಮೋಸದ ಪ್ರಶ್ನೆ ಕಾನೂನಿನದ್ದಲ್ಲ. ಅದಕ್ಕೆ ನನ್ನ ಅನುಭವದ ಉತ್ತರ: ಗಾಯಕಿಗೆ ನೀವೇ ಮೊದಲು ಫೋನ್ ಮಾಡಿ. ಬೇರೆ ಯಾರಿಂದಲೋ ಗೊತ್ತಾದರೆ ನೋವಾಗುತ್ತದೆ, ನಿಮ್ಮಿಂದ ಗೊತ್ತಾದರೆ ಸಾಮಾನ್ಯವಾಗಿ ಖುಷಿಯೇ ಪಡುತ್ತಾರೆ. ಹಾಡಿಗೆ ಎರಡನೇ ಸುತ್ತು ಸಿಕ್ಕರೆ ಅವರದ್ದನ್ನೂ ಜನ ಹುಡುಕಿ ಕೇಳುತ್ತಾರೆ. ಆದರೆ 'ನಾನು ಅಂದುಕೊಂಡಿದ್ದು ಹೀಗಿತ್ತು, ಅವರು ಹಾಗೆ ಹಾಡಿದರು' ಅಂತ ಎಲ್ಲೂ ಬರೆಯಬೇಡಿ, ತಮಾಷೆಗೂ ಬೇಡ. 'ಎಕಿ' ಕತೆ ಈಗಷ್ಟೇ ಓದಿದಿರಲ್ಲ.

ರೆಕಾರ್ಡ್ ಮಾಡೋಕೆ ಮುಂಚೆ ಒಂದಾರು ತಿಂಗಳು ಸಣ್ಣ ಸಭೆಗಳಲ್ಲಿ ಹಾಡಿ ನೋಡಿ. ಎಲ್ಲಿ ಗಾಯಕಿಯ ಎಳೆತವನ್ನೇ ನಕಲು ಮಾಡುತ್ತಿದ್ದೀರಿ ಅನ್ನುವುದು ನಾಲ್ಕನೇ ಸಲಕ್ಕೆ ನಿಮಗೇ ತಿಳಿಯುತ್ತದೆ. ನಿಮ್ಮ ಹಾಡನ್ನೇ ನೀವು ಮಿಮಿಕ್ರಿ ಮಾಡುವ ಅಪಾಯ ನಿಜಕ್ಕೂ ಇದೆ, ಎರಡು ವರ್ಷದಿಂದ ಅವರ ದನಿಯಲ್ಲೇ ಕೇಳಿದ್ದೀರಿ. ಆಮೇಲೆ ಹಾರ್ಮೋನಿಯಂ ಮುಂದೆ ಕೂತು ಶ್ರುತಿ ಒಂದೊಂದೇ ಮನೆ ಇಳಿಸುತ್ತಾ ಹೋಗಿ. ಯಾವ ಮನೆಯಲ್ಲಿ ಪಲ್ಲವಿ ಸಲೀಸಾಗಿ ಬರುತ್ತದೋ ಅಲ್ಲಿ ನಿಲ್ಲಿಸಬೇಡಿ. ಅದಕ್ಕಿಂತ ಒಂದು ಮನೆ ಮೇಲೆ ಹಾಡಿ.